ರೇಷ್ಮೆ ಚೀಲದ ಫೋನು

ಮೇಜಿನ ಮೇಲಿಟ್ಟ ಫೋನು ಬಿಡುವಿಲ್ಲದೆ ಗುರ್ ಗುರ್ ಎಂದರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ. ಒಂದು ಸಲ ಗುರ್ ಎಂದರೆ ಯಾವುದೋ ಜಾಹೀರಾತು, ಎರಡು ಸಲ ಎಂದರೆ ಪಾರ್ಸೆಲ್ಲಿನವನು, ಅದಕ್ಕೆಲ್ಲ ಹೆದರುವವಳು ನಾನಲ್ಲ. ಎಡೆಬಿಡದೆ ಹತ್ತಿಪ್ಪತ್ತು ಸಲ ಎಂದರೆ ಮಾತ್ರ ಫೋನನ್ನು ಬೋರಲು ಹಾಕಿ, ಎದ್ದು ಹೋಗಿ ನೀರು ಕುಡಿದು, ಆಮೇಲೆ ಬಂದು ನೋಡುತ್ತೇನೆ. ಬಹಳ ಸಲ ಅದು ಯಾರದೋ ಹುಟ್ಟುಹಬ್ಬವಾಗಿರುತ್ತದೆ. ನಮ್ಮ ಮನೆತನದ ವಾಟ್ಸ್ಯಾಪ್ ಗುಂಪಿನ ನಲವತ್ಮೂರು ಜನರಲ್ಲಿ ಮೂವತ್ತು ಜನ ಅದೇ ಕೇಕಿನ ಚಿತ್ರ ಕಳಿಸಿರುತ್ತಾರೆ. ಅಷ್ಟು ಹೊತ್ತಿಗೆ ನನ್ನ ಜೀವ ಅರ್ಧ ಆಗಿರುತ್ತದೆ.

ಇದನ್ನು ಹೇಳುತ್ತಿರುವವಳು ಕಂಪ್ಯೂಟರ್ ಕಂಡರೆ ಓಡಿಹೋಗುವ ಹೆಂಗಸಲ್ಲ. ಅಮೀರ್‌ಪೇಟ್‌ನ ಒಂದು ತರಬೇತಿ ಕೇಂದ್ರದಲ್ಲಿ ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಅಲ್ಲಿ ಪ್ರತಿ ಮೆಟ್ಟಿಲಿಗೂ ಒಂದು ಬೋರ್ಡು, ಪ್ರತಿ ಬೋರ್ಡಿನಲ್ಲೂ ಒಂದು ಹೊಸ ಸಾಫ್ಟ್‌ವೇರಿನ ಹೆಸರು. ನನ್ನದು ಅಷ್ಟು ದೊಡ್ಡ ವಿದ್ಯೆಯಲ್ಲ. ಫೋಟೋ ತಿದ್ದುವುದು, ಹಿನ್ನೆಲೆ ಕತ್ತರಿಸುವುದು, ಫ್ಲೆಕ್ಸ್ ಬ್ಯಾನರ್ ಮಾಡುವುದು ನನ್ನ ಕೆಲಸ. ನಮ್ಮಲ್ಲಿ ಕಲಿತವರು ಹೆಚ್ಚಾಗಿ ಫ್ಲೆಕ್ಸ್ ಅಂಗಡಿಗಳಿಗೇ ಹೋಗುತ್ತಾರೆ. ಈ ಊರಿನಲ್ಲಿ ಕಂಬಕ್ಕೆ ಕಟ್ಟುವ ಮುಖಗಳಲ್ಲಿ ಎರಡೇ ಜಾತಿ, ಹುಟ್ಟುಹಬ್ಬದವು ಮತ್ತು ಶ್ರದ್ಧಾಂಜಲಿಯವು. ಎರಡಕ್ಕೂ ಬೇಕಾದ ಸಿದ್ಧ ಮಾದರಿಗಳನ್ನು ನಾನೇ ಮಾಡಿ ಲ್ಯಾಬಿನ ಯಂತ್ರಗಳಲ್ಲಿ ಇಟ್ಟಿದ್ದೇನೆ. ಅದರ ಒಂದು ಪ್ರತಿ ನನ್ನ ಮನೆಯ ಲ್ಯಾಪ್‌ಟಾಪಿನಲ್ಲೂ ಇದೆ, ಇತ್ತು ಎನ್ನಬೇಕು.

ಮನೆ ಕೂಕಟ್‌ಪಲ್ಲಿಯಲ್ಲಿ, ನಾಲ್ಕನೇ ಮಹಡಿಯ ಫ್ಲ್ಯಾಟು. ಇರುವವರು ಅಮ್ಮ ಮತ್ತು ನಾನು. ನಾನು ಮದುವೆಯಾಗಲಿಲ್ಲ, ಅಪ್ಪ ತೀರಿಕೊಂಡು ಕೆಲವು ವರ್ಷವಾಯಿತು. ಅಜ್ಜ ರಾಯಚೂರು ಕಡೆಯಿಂದ ನಿಜಾಮನ ಕಂದಾಯ ಕಚೇರಿಗೆ ಗುಮಾಸ್ತನಾಗಿ ಬಂದವನು, ಅಂದಿನಿಂದ ನಾವು ಹೈದರಾಬಾದಿನವರೇ. ಬಾಗಿಲ ಹೊರಗೆ ತೆಲುಗು, ಆಟೋದಲ್ಲಿ ಹಿಂದಿ, ಒಲೆಯ ಮುಂದೆ ಕನ್ನಡ. ಅಮ್ಮನಿಗೆ ಎಪ್ಪತ್ನಾಲ್ಕು. ನಾನು ಹೇಳಹೊರಟ ಶುಕ್ರವಾರದ ಘಟನೆಗೆ ಹಿಂದಿನ ಬೇಸಿಗೆಯಲ್ಲಿ ಅವಳ ಎದೆಯಲ್ಲಿ ನೋವು ಬಂದು, ಡಾಕ್ಟರು ಗುಳಿಗೆ ಬರೆದುಕೊಟ್ಟು, ಒಮ್ಮೆಲೇ ಗಾಬರಿಯಾಗುವಂಥದ್ದು ಏನೂ ಹೇಳಬೇಡಿ ಎಂದಿದ್ದರು. ಅಂದಿನಿಂದ ಮನೆಯಲ್ಲಿ ಕುಕ್ಕರ್ ಕೂಗಿದರೂ ನನಗೆ ಗಾಬರಿ.

ಅಮ್ಮನಿಗೆ ಶ್ರಾವಣದ ಶುಕ್ರವಾರಗಳೆಂದರೆ ಜೀವ. ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಹಿಂದಿನ ದಿನವೇ ಕೋಲಿನ ಮೇಲೆ ಒಣಗಿಸಿಟ್ಟ ಸೀರೆಯುಟ್ಟು ಮಡಿಯಾದಳೆಂದರೆ, ಹೋಳಿಗೆಯ ನೈವೇದ್ಯ ಆಗುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ, ಅವಳೂ ಏನನ್ನೂ ಮುಟ್ಟುವುದಿಲ್ಲ. ಫೋನನ್ನಂತೂ ಇಲ್ಲವೇ ಇಲ್ಲ. ಅದು ಎಲ್ಲೆಲ್ಲಿ ಇಟ್ಟ ವಸ್ತುವೋ, ಯಾರ್‍ಯಾರ ಕೈಗೆ ಹೋಗಿ ಬಂದಿದ್ದೋ ಎಂಬುದು ಅವಳ ವಾದ. ಫ್ರಿಜ್ಜಿನ ಮೇಲೆ ಚಾರ್ಜಿಗೆ ಹಾಕಿದ ಫೋನು ಹೊಡೆದುಕೊಳ್ಳುತ್ತಲೇ ಇರುತ್ತದೆ, ಅವಳು ಕಣಕ ನಾದುತ್ತಲೇ ಇರುತ್ತಾಳೆ.

ಆ ಶುಕ್ರವಾರ ಬೆಳಿಗ್ಗೆ ನನಗೂ ಅವಳಿಗೂ ಇದೇ ವಿಷಯಕ್ಕೆ ಮಾತಾಯಿತು. ನನಗೆ ಹತ್ತು ಗಂಟೆಗೆ ಪ್ರಾಯೋಗಿಕ ಪರೀಕ್ಷೆಯ ಮೇಲ್ವಿಚಾರಣೆ, ತಡವಾಗಿತ್ತು, ತಿಂಡಿ ಇರಲಿಲ್ಲ, ಬಾಗಿಲಲ್ಲಿ ನಿಂತು ಚಪ್ಪಲಿ ಹುಡುಕುತ್ತಿದ್ದೆ. ಹೋಗಿ ಮುಟ್ಟಿದ ಮೇಲೆ ಒಂದು ಫೋನು ಮಾಡು ಎಂದು ಅಮ್ಮ ಒಳಗಿನಿಂದ ಹೇಳಿದಳು. ನನಗೆ ರೇಗಿತು.

“ಯಾರಿಗೆ ಮಾಡ್ಲಿ? ನಾ ದಾರಿಯಾಗ ಸತ್ರೂ ಇವತ್ತ ನಿನಗ ಗೊತ್ತಾಗೂದಿಲ್ಲ. ಫೋನ ಹೊಡಕೋತ ಇರತೈತಿ, ನೀ ಹೋಳಿಗಿ ಲಟ್ಟಸ್ಕೋತ ಕುಂದರತಿ” ಎಂದೆ.

ಒಳಗೆ ಅಮ್ಮನ ಕೈಬಳೆಗಳ ಸದ್ದು ನಿಂತಿತು. ನಾನು ಬಾಗಿಲೆಳೆದುಕೊಂಡು ಬಂದೆ.

ಇನ್ನು ಫೋಟೋದ ಸಂಗತಿ. ಅಮ್ಮನಿಗೆ ತನ್ನದೊಂದೂ ಒಳ್ಳೆಯ ಫೋಟೋ ಇಲ್ಲವೆಂಬ ಕೊರಗು ಬಹಳ ದಿನದ್ದು. ಅದು ನಿಜವೂ ಹೌದು. ನನ್ನ ಫೋನಿನಲ್ಲಿ ಆರು ಸಾವಿರ ಚಿತ್ರಗಳಿದ್ದವು, ಅದರಲ್ಲಿ ಮೋಡ, ಬಿರಿಯಾನಿ, ಹುಸೇನ್ ಸಾಗರದ ಮೇಲಿನ ಸಂಜೆ, ಹೊಸ ಲೆನ್ಸು ಹೇಗಿದೆ ನೋಡಲು ತೆಗೆದ ಬಾಲ್ಕನಿಯ ತುಳಸಿ. ಅಮ್ಮ ಇದ್ದ ಕಡೆಯಲ್ಲೆಲ್ಲ ಅರ್ಧ ಇದ್ದಳು, ಇಲ್ಲವೆ ಕೈ ಅಡ್ಡ ಹಿಡಿದಿದ್ದಳು. ಹಾಗಾಗಿ ಹಿಂದಿನ ಭಾನುವಾರ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಸಾಸಿವೆ ಬಣ್ಣದ ಇಳಕಲ್ ಸೀರೆ ಉಡಿಸಿ, ಹೊಸ ಫೋನಿನಲ್ಲಿ ತೆಗೆದೆ. ಬಹಳ ಚೆನ್ನಾಗಿ ಬಂತು. ಹಿಂದೆ ವಾಷಿಂಗ್ ಮಷೀನು, ಮಡಿ ಕೋಲು ಕಾಣುತ್ತಿದ್ದವು, ಅವನ್ನು ಕತ್ತರಿಸಿ ತೆಗೆದೆ. ಕಣ್ಣ ಕೆಳಗಿನ ಕಪ್ಪನ್ನು ತುಸು ತಿಳಿ ಮಾಡಿದೆ. ಹಿನ್ನೆಲೆಗೆ ನನ್ನ ಮಾದರಿಗಳಲ್ಲೇ ಒಂದನ್ನು ಹಾಕಿದೆ. ತಿಳಿನೀಲಿ ಆಕಾಶ, ಬಿಳಿ ಮೋಡ, ತಲೆಯ ಹಿಂದೆ ಮೆಲ್ಲಗೆ ಹರಡುವ ಬೆಳಕು, ಸುತ್ತ ಸಣ್ಣ ಬಂಗಾರದ ಅಂಚು. ಅದು ಯಾವ ಮಾದರಿ ಎಂಬುದು ನನಗೆ ಗೊತ್ತಿತ್ತು. ಶ್ರದ್ಧಾಂಜಲಿಯದೇ. ಅದರ ಅಕ್ಷರಗಳ ಪದರ ಮುಚ್ಚಿ, ಎರಡು ದೀಪ ತೆಗೆದುಹಾಕಿ, ಆ ಬೆಳಕು ಅಮ್ಮನ ಬಿಳಿಗೂದಲಿಗೆ ಎಷ್ಟು ಒಪ್ಪುತ್ತದೆ ಎಂದು ನಾನೇ ಹಿಗ್ಗಿದ್ದೆ. ಇಪ್ಪತ್ತು ವರ್ಷ ಅದನ್ನೇ ನೋಡಿ ನೋಡಿ ನನಗದು ಬರೀ ಬೆಳಕಾಗಿತ್ತು.

ಶುಕ್ರವಾರ ಕೂಕಟ್‌ಪಲ್ಲಿ ಮೆಟ್ರೋ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಆ ಫೋಟೋವನ್ನು ಮನೆತನದ ಗುಂಪಿಗೆ ಕಳಿಸಿದೆ. ಅಮ್ಮನ ಮೇಲೆ ರೇಗಿದ್ದಕ್ಕೆ ಒಂದು ರೀತಿಯ ಪರಿಹಾರ ಅಂದುಕೊಳ್ಳಿ. ಅಮ್ಮನ ಹೊಸ ಫೋಟೋ, ನಾನೇ ತೆಗೆದದ್ದು ಎಂದು ಕೆಳಗೆ ಬರೆಯಬೇಕೆಂದಿದ್ದೆ. ರೈಲು ಬಂತು, ನೂಕುನುಗ್ಗಲಿನಲ್ಲಿ ಹತ್ತಿದೆ, ಬರೆಯುವುದು ಉಳಿಯಿತು. ಕೇಂದ್ರಕ್ಕೆ ಹೋದವಳೇ ನಿಯಮದಂತೆ ಎಲ್ಲರ ಫೋನುಗಳ ಜೊತೆ ನನ್ನದನ್ನೂ ಆಫ್ ಮಾಡಿ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದೆ.

ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ, ಕಲಬುರಗಿಯಲ್ಲಿರುವ ಅಪ್ಪನ ಸೋದರಮಾವ. ಯಾರು ಏನು ಕಳಿಸಿದರೂ ಎರಡು ಕೈ ಮುಗಿದ ಚಿತ್ರ ಒತ್ತುತ್ತಾರೆ. ಮೊಮ್ಮಗನ ಮುಂಜಿಗೂ ಅದೇ, ಈರುಳ್ಳಿ ಚಟ್ನಿಯ ವಿಡಿಯೋಗೂ ಅದೇ. ಆ ದಿನವೂ ಮೊದಲು ಉತ್ತರ ಕೊಟ್ಟವರು ಅವರೇ. ನೀಲಿ ಮೋಡದ ಮುಂದೆ ಅಮ್ಮ, ಕೆಳಗೆ ಒಂದಕ್ಷರವಿಲ್ಲ, ಅದರ ಕೆಳಗೆ ಮುಗಿದ ಕೈ. ವಿಜಯಪುರದ ದೊಡ್ಡಮ್ಮ ಓಂ ಶಾಂತಿ ಎಂದು ಬರೆದಳು. ಆಮೇಲೆ ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ನಿಮಗೆ ಆಗಲೇ ಎಲ್ಲ ತಿಳಿದುಹೋಯಿತು. ನನಗೆ ತಿಳಿಯಲಿಲ್ಲ. ಒಂದು ಗಂಟೆಗೆ ಪರೀಕ್ಷೆ ಮುಗಿಸಿ, ಮೆಟ್ಟಿಲ ಹತ್ತಿರ ನಿಂತು ಫೋನು ಆನ್ ಮಾಡಿದೆ. ಅದು ಅಂಗೈಯಲ್ಲಿ ನಡುಗತೊಡಗಿತು. ನಿಲ್ಲಲೇ ಇಲ್ಲ. ಮೊದಲು ಕಂಡದ್ದು ಪುಣೆಯ ಸೋದರತ್ತೆ ನನಗೊಬ್ಬಳಿಗೇ ಬರೆದ ಸಾಲು: ‘ಎದಿ ಗಟ್ಟಿ ಮಾಡ್ಕೊ ಮಗಳೇ, ಪುಣ್ಯದ ಸಾವು, ಶ್ರಾವಣ ಶುಕ್ರವಾರ.’ ಅದರ ಹಿಂದೆಯೇ ಕಾಚಿಗೂಡದಲ್ಲಿರುವ ಚಿಕ್ಕಪ್ಪನ ಮಗ: ‘ಅಕ್ಕಾ, ಫೋನ್ ಎತ್ತು. ನಾ ಮನೀಗೆ ಹೊಂಟೀನಿ.’ ತಪ್ಪಿದ ಕರೆಗಳು ಮೂವತ್ತಕ್ಕೂ ಹೆಚ್ಚು.

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಗುಂಪನ್ನು ತೆರೆದೆ. ಸಾಲುಸಾಲಾಗಿ ಮುಗಿದ ಕೈಗಳು, ಹೂವುಗಳು, ಓಂ ಶಾಂತಿ. ಅವರ ಆತ್ಮಕ್ಕೆ, ದೇವರ ಪಾದ, ತುಂಬಲಾರದ ನಷ್ಟ. ಎಷ್ಟೋ ಜನ ನನ್ನ ಫೋಟೋಕ್ಕೇ ಉತ್ತರವಾಗಿ ಬರೆದಿದ್ದರಿಂದ ಪ್ರತಿ ಸಾಲಿನ ತಲೆಯ ಮೇಲೂ ಅಮ್ಮನ ಮುಖ ಉಗುರಿನಷ್ಟು ಗಾತ್ರದಲ್ಲಿ ಕೂತಿತ್ತು. ಬೆಳಿಗ್ಗೆ ನಾನು ಬಂದ ಮೇಲೆ ಅಮ್ಮನಿಗೆ ಏನೋ ಆಗಿದೆ, ಎದುರು ಮನೆಯವರು ನನಗೆ ಫೋನು ಹಚ್ಚಿ ಸಿಗದೆ ಚಿಕ್ಕಪ್ಪನ ಮಗನಿಗೆ ತಿಳಿಸಿದ್ದಾರೆ, ಅವನು ಎಲ್ಲರಿಗೂ ಹೇಳಿದ್ದಾನೆ ಎಂದೇ ನನ್ನ ತಲೆ ಲೆಕ್ಕ ಹಾಕಿತು. ಬಂದ ಸಂದೇಶದ ಮೂಲ ನೋಡದೆ ನಂಬಬೇಡಿ ಎಂದು ಪ್ರತಿ ಬ್ಯಾಚಿನ ಮುಂದೆಯೂ ಗಂಟಲು ಹರಿದುಕೊಳ್ಳುವವಳು ನಾನೇ.

ಒಂದು ವಿಷಯ ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಸುಳ್ಳಾಗುತ್ತದೆ. ಆ ಸಾಲುಗಳನ್ನು ನೋಡುತ್ತ ಕೂತಾಗ ನನಗೆ ಅಳು ಬರುವ ಮೊದಲು ಬಂದ ಯೋಚನೆ, ಸದ್ಯ ಒಂದು ಒಳ್ಳೆಯ ಫೋಟೋ ಇದೆ, ಎಂಬುದು. ಹಾಗೆ ಯೋಚಿಸಿದ ನನ್ನನ್ನು ಕಂಡು ನನಗೇ ಭಯವಾಯಿತು.

ಅಮ್ಮನ ಫೋನಿಗೆ ಹಚ್ಚಿದೆ. ಪೂರ್ತಿ ಹೊಡೆದುಕೊಂಡು ನಿಂತಿತು. ಮತ್ತೆ ಹಚ್ಚಿದೆ. ಮತ್ತೆ. ಮೂರನೇ ಸಲಕ್ಕೆ ನೆನಪಾಯಿತು, ಇವತ್ತು ಶುಕ್ರವಾರ, ಮಡಿ, ಅವಳು ಎತ್ತುವುದಿಲ್ಲ. ಹಾಗೆ ನೆನಪಾಗಿ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಬದುಕಿದ್ದರೂ ಎತ್ತುವುದಿಲ್ಲ, ಇಲ್ಲದಿದ್ದರೂ ಎತ್ತುವುದಿಲ್ಲ ಎಂದಾದರೆ ಆ ಸದ್ದಿನಿಂದ ನನಗೇನು ತಿಳಿಯಬೇಕು? ಬೆಳಿಗ್ಗೆ ಬಾಗಿಲಲ್ಲಿ ನಿಂತು ಆಡಿದ ಮಾತು ಪೂರ್ತಿಯಾಗಿ, ಒಂದು ಶಬ್ದವೂ ಬಿಡದೆ, ಕಿವಿಯಲ್ಲಿ ಕೇಳಿಸಿತು.

ಸ್ಟೇಷನ್ನಿನ ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಬ್ಯಾಗು ತಪಾಸಣೆಯ ಯಂತ್ರದ ಆ ಕಡೆ ಬಿಟ್ಟು ಹೊರಟಿದ್ದೆ, ಅಲ್ಲಿಯ ಹೆಂಗಸು ಕೂಗಿ ಕರೆದು ಕೊಟ್ಟಳು. ಪ್ಲಾಟ್‌ಫಾರಮ್ಮಿನಲ್ಲಿ ನಿಂತು ನಮ್ಮ ಫ್ಲ್ಯಾಟಿನ ವಾಚ್‌ಮನ್ನನಿಗೆ ಫೋನು ಮಾಡಿದೆ. ಬಾಯಿ ಒಣಗಿತ್ತು. ಮನೆಗೆ ಯಾರಾದರೂ ಬಂದಿದ್ದಾರೆಯೇ ಎಂದಷ್ಟೇ ತೆಲುಗಿನಲ್ಲಿ ಕೇಳಿದೆ.

“ಎವರೋ ಪೂಲದಂಡ ಪಟ್ಟುಕೊನಿ ಪೈಕಿ ಪೋಯಿನ್ರು ಮೇಡಮ್, ಇಪ್ಪುಡೇ” ಎಂದ. ಯಾರೋ ಹೂವಿನ ಹಾರ ಹಿಡಿದುಕೊಂಡು ಈಗ ತಾನೇ ಮೇಲೆ ಹೋದರು.

ನಾನು ಫೋನು ಇಟ್ಟುಬಿಟ್ಟೆ. ಮೇಲೆ ಹೋಗಿ ನೋಡಿ ಬಾ ಎಂದು ಅವನಿಗೆ ಹೇಳಬಹುದಿತ್ತು, ಎರಡು ನಿಮಿಷದ ಕೆಲಸ. ಚಿಕ್ಕಪ್ಪನ ಮಗನಿಗೆ ಆಗಲೇ ಫೋನು ಹಚ್ಚಬಹುದಿತ್ತು. ಹಚ್ಚಲಿಲ್ಲ. ಒಬ್ಬ ಮನುಷ್ಯ ತನ್ನ ಬಾಯಿಂದ ಹೌದು ಎಂದುಬಿಟ್ಟರೆ ಮುಂದೆ ಏನೂ ಉಳಿಯುವುದಿಲ್ಲವಲ್ಲ. ಅದಕ್ಕೆ ಅಮ್ಮನ ಫೋನಿಗೇ ಹಚ್ಚುತ್ತ ನಿಂತೆ.

ರೈಲಿನಲ್ಲಿ ಕಂಬ ಹಿಡಿದು ನಿಂತಿದ್ದೆ. ಕೂರಲು ಜಾಗವಿತ್ತು, ಕೂತರೆ ಏಳಲಾರೆ ಎನ್ನಿಸಿತು. ಮನೆಯ ಕೀಲಿಕೈ ಬ್ಯಾಗಿನಲ್ಲಿದೆಯೇ ಎಂದು ಮೂರು ಸಲ ನೋಡಿದೆ. ಅವಳ ಸಾಸಿವೆ ಬಣ್ಣದ ಸೀರೆ ಒಗೆದು ಮಡಿಚಿಟ್ಟಿದ್ದೇನೆಯೇ ಎಂದು ಯೋಚಿಸಿದೆ. ಯಾಕೆ ಹಾಗೆ ಯೋಚಿಸಿದೆ ಎಂದು ಕೇಳಬೇಡಿ. ಎದುರಿಗೆ ಕೂತ ಹುಡುಗಿಯರು ತಮ್ಮ ಮುಖಕ್ಕೆ ಬೆಕ್ಕಿನ ಕಿವಿ ಮೂಡಿಸಿಕೊಂಡು ನಗುತ್ತಿದ್ದರು, ಅವರ ಮೇಲೆ ಸಿಕ್ಕಾಪಟ್ಟೆ ಸಿಟ್ಟು ಬಂತು. ಎರ್ರಗಡ್ಡ ದಾಟಿತು, ಭರತ್ ನಗರ ದಾಟಿತು. ಹೊಡೆದುಕೊಂಡು ಹೊಡೆದುಕೊಂಡು ಅಮ್ಮನ ಫೋನು ಸುಮ್ಮನಾಗುತ್ತಿತ್ತು, ನಾನು ಮತ್ತೆ ಒತ್ತುತ್ತಿದ್ದೆ.

ಬಾಲಾನಗರದ ಹತ್ತಿರ ರೈಲು ನಿಧಾನವಾದಾಗ ಕೆಳಗೆ ರಸ್ತೆಯ ಬದಿಯಲ್ಲಿ ಒಂದು ದೊಡ್ಡ ಫ್ಲೆಕ್ಸ್ ಕಂಡಿತು. ಮೀಸೆ ಬಿಟ್ಟ ಯಾರೋ ಗಂಡಸು. ಹಿಂದೆ ತಿಳಿನೀಲಿ ಆಕಾಶ, ಬಿಳಿ ಮೋಡ, ತಲೆಯ ಸುತ್ತ ಹರಡುವ ಬೆಳಕು, ಬಂಗಾರದ ಅಂಚು, ಎರಡು ದೀಪ. ನನ್ನದೇ ಮಾದರಿ. ನನ್ನ ಬಳಿ ಕಲಿತವರು ಯಾರೋ ಮಾಡಿದ್ದು.

ಆಗ ತಲೆಗೆ ಹೊಳೆಯಿತು. ಫೋನಿನಲ್ಲಿ ಗುಂಪನ್ನು ತೆರೆದು ಮೇಲಿನಿಂದ ಓದಿದೆ. ನನ್ನ ಫೋಟೋಕ್ಕಿಂತ ಮೊದಲು ಯಾರೂ ಏನೂ ಹೇಳಿರಲಿಲ್ಲ. ಬಿದ್ದಳು, ಆಸ್ಪತ್ರೆ, ಎಷ್ಟು ಗಂಟೆಗೆ, ಅಂಥದ್ದು ಎಲ್ಲೂ ಒಂದು ಶಬ್ದವೂ ಇರಲಿಲ್ಲ. ಅಮ್ಮನನ್ನು ಕೊಂದವಳು ನಾನೇ, ಒಂಬತ್ತು ಗಂಟೆಗೆ, ಕೂಕಟ್‌ಪಲ್ಲಿ ಪ್ಲಾಟ್‌ಫಾರಮ್ಮಿನಲ್ಲಿ ನಿಂತು.

ಹಗುರಾಯಿತೆಂದು ನೀವು ತಿಳಿದರೆ ತಪ್ಪು. ಒಂದು ಉಸಿರು ಹಗುರಾಯಿತು, ಮುಂದಿನ ಉಸಿರಿಗೆ ಹೊಸ ಭಯ ಹಿಡಿಯಿತು. ಬೆಳಿಗ್ಗೆ ಬದುಕಿದ್ದ ಅಮ್ಮ ಈಗಲೂ ಇದ್ದಾಳೆ ಎಂದಿಟ್ಟುಕೊಂಡರೆ, ಒಬ್ಬಳೇ ಇದ್ದಾಳೆ. ಗಾಬರಿಯಾಗಬಾರದು ಎಂದು ಡಾಕ್ಟರು ಹೇಳಿದ ಆ ಎದೆಯನ್ನು ಇಟ್ಟುಕೊಂಡು ಬಾಗಿಲು ತೆರೆಯುತ್ತಾಳೆ. ಎದುರಿಗೆ ಚಿಕ್ಕಪ್ಪನ ಮಗ ಹೆಣಕ್ಕೆ ತಂದ ಹಾರ ಹಿಡಿದು, ಅಳುತ್ತ ನಿಂತಿದ್ದಾನೆ. ಯಾಕೋ ಅಳತಿ ಎಂದು ಅವಳು ಕೇಳುತ್ತಾಳೆ. ಅವನು ಹೇಳುತ್ತಾನೆ. ಸುಳ್ಳು ಸುದ್ದಿ ನಿಜವಾಗಲು ಅಷ್ಟು ಸಾಕು. ಈಗ ಅವನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ವಾಚ್‌ಮನ್ನನಿಗೆ ಹಚ್ಚಿದೆ, ಅವನೂ ಎತ್ತಲಿಲ್ಲ. ಹನ್ನೊಂದನೇ ಸಲ ಅಮ್ಮನಿಗೆ ಹಚ್ಚಿದೆ.

ಸ್ಟೇಷನ್ನಿನಿಂದ ಮನೆಗೆ ಹತ್ತು ನಿಮಿಷದ ದಾರಿ. ನಾನು ಓಡಿ ಎಷ್ಟೋ ವರ್ಷವಾಗಿತ್ತು. ಲಿಫ್ಟು ಮೂರನೇ ಮಹಡಿಯಲ್ಲಿ ನಿಂತಿತ್ತು, ಕಾಯಲಾರದೆ ಮೆಟ್ಟಿಲು ಹತ್ತಿದೆ. ನಮ್ಮ ಬಾಗಿಲು ಪೂರ್ತಿ ತೆರೆದಿತ್ತು. ಹೊರಗೆ ಗಂಡಸಿನ ಚಪ್ಪಲಿ. ಒಳಗಿನಿಂದ ಯಾವ ಮಾತೂ ಕೇಳಿಸಲಿಲ್ಲ. ಹೊಸಿಲ ಮೇಲೆ ನನ್ನ ಕಾಲು ಮುಂದೆ ಹೋಗಲಿಲ್ಲ. ಎಷ್ಟು ಹೊತ್ತು ನಿಂತೆನೋ, ಬಹುಶಃ ನಾಲ್ಕೈದು ಉಸಿರು. ಆಮೇಲೆ ತುಪ್ಪದಲ್ಲಿ ಬೇಯುವ ಹೋಳಿಗೆಯ ವಾಸನೆ ಬಂತು.

ಚಿಕ್ಕಪ್ಪನ ಮಗ ನಡುಮನೆಯ ಕುರ್ಚಿಯ ತುದಿಯಲ್ಲಿ ಮುದುರಿ ಕೂತಿದ್ದ. ನಲವತ್ತೈದರ ಗಂಡಸು, ಮುಖವೆಲ್ಲ ಒದ್ದೆ. ನನ್ನನ್ನು ಕಂಡವನೇ ಬಾಯಿಯ ಮೇಲೆ ಬೆರಳಿಟ್ಟ. ಅಡುಗೆಮನೆಯಲ್ಲಿ ಅಮ್ಮ ಬೆನ್ನು ಮಾಡಿ ಹೋಳಿಗೆ ತಿರುವಿ ಹಾಕುತ್ತಿದ್ದಳು. ಅವನು ಪಿಸುಮಾತಿನಲ್ಲಿ ಹೇಳಿದ್ದು ಇಷ್ಟು. ಬಾಗಿಲು ತೆರೆದ ಅಮ್ಮನನ್ನು ನೋಡಿ ಅವನಿಗೆ ಮಾತೇ ಹೊರಡಲಿಲ್ಲ. ಅಮ್ಮ ಅವನ ಕೈಯೊಳಗಿನ ಹಾರ ನೋಡಿ, ಹೂವು ತಂದೆಯಾ, ಒಳ್ಳೆಯದಾಯಿತು, ದೇವರಿಗೆ ಕಡಿಮೆ ಬಿದ್ದಿದ್ದವು, ಅಲ್ಲೇ ತಟ್ಟೆಯಲ್ಲಿಡು, ನನ್ನನ್ನು ಮುಟ್ಟಬೇಡ ಎಂದು ಒಳಗೆ ಹೋದಳಂತೆ. ಅವನು ಇಟ್ಟುಬಿಟ್ಟ. ಅವಳು ಅದನ್ನು ಲಕ್ಷ್ಮಿಗೆ ಹಾಕಿಬಿಟ್ಟಳು. ಈಗ ಲಕ್ಷ್ಮಿಯ ಕೊರಳಲ್ಲಿ ಆ ಉದ್ದದ ಹಾರ ಎರಡು ಸುತ್ತು ಬಂದು ಪೀಠದ ಕೆಳಗೂ ಇಳಿದಿತ್ತು.

ನಾನು ಅವನ ಮೇಲೆಯೇ ಹರಿಹಾಯ್ದೆ, ಪಿಸುಮಾತಿನಲ್ಲೇ. ಅವಳಿಗೇ ಒಂದು ಫೋನು ಮಾಡಿ ನೋಡಲು ನಿನಗೇನಾಗಿತ್ತು ಎಂದೆ.

“ಅಕ್ಕಾ, ಸತ್ತವರ ಫೋನಿಗೆ ಯಾರರ ಹಚ್ಚತಾರೇನು?” ಎಂದ. ಅದು ನ್ಯಾಯವಾದ ಮಾತೇ. ಮೂವತ್ತಕ್ಕೂ ಹೆಚ್ಚು ಕರೆಗಳು ಬಂದದ್ದು ನನಗೆ.

ಅಮ್ಮ ನಮ್ಮ ಕಡೆ ತಿರುಗಿ ನನ್ನನ್ನು ಒಂದು ಕ್ಷಣ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತ್ತು, ಒಲೆಯ ಶಾಖವೆಂದುಕೊಂಡೆ. ಬಂದೆಯಾ ಎಂದಷ್ಟೇ ಕೇಳಿ ಮತ್ತೆ ಕಾವಲಿಯ ಕಡೆ ತಿರುಗಿದಳು.

ಆಮೇಲೆ ನಾವಿಬ್ಬರೂ ಬಾಲ್ಕನಿಯಲ್ಲಿ ನಿಂತು ಸುದ್ದಿಯನ್ನು ವಾಪಸು ತೆಗೆಯುವ ಕೆಲಸಕ್ಕೆ ಇಳಿದೆವು. ಫೋಟೋ ಅಳಿಸಿದೆ, ಎಲ್ಲರಿಗೂ ಕ್ಷಮೆ ಕೇಳಿ ಬರೆದೆ. ಅಷ್ಟಕ್ಕೆ ಮುಗಿಯಲಿಲ್ಲ. ವಿಜಯಪುರದ ದೊಡ್ಡಮ್ಮ ಆಗಲೇ ಸೂತಕದ ಸ್ನಾನ ಮಾಡಿ, ಹೊಂದಿಸಿಟ್ಟ ಪೂಜೆಯನ್ನು ನಿಲ್ಲಿಸಿದ್ದಳು. ಮಾಡಿದ ಹೂರಣವನ್ನು ಏನು ಮಾಡಲಿ ಎಂದು ನನ್ನನ್ನೇ ಕೇಳಿದಳು. ಪುಣೆಯ ಸೋದರತ್ತೆ ಅರ್ಧ ಅತ್ತು ಅರ್ಧ ಬೈದಳು. ಅಮ್ಮನ ಆಯುಷ್ಯ ಹೆಚ್ಚಾಯಿತು ಬಿಡು ಎಂದು ಕೆಲವರು ನಕ್ಕರು. ಕಲಬುರಗಿಯ ಹಿರಿಯರು ನನ್ನ ಕ್ಷಮಾಪಣೆಯ ಕೆಳಗೂ ಕೈ ಮುಗಿದರು. ಬರೆದದ್ದನ್ನು ಎಲ್ಲರೂ ಅಳಿಸಿದರೂ ಅಳಿಸಿದ ಗುರುತು ಸಾಲಾಗಿ ಉಳಿಯಿತು. ಎಷ್ಟೋ ಹಿರಿಯರಿಗೆ ಅಳಿಸಲು ಬರುತ್ತಲೇ ಇರಲಿಲ್ಲ.

ಊಟವಾದ ಮೇಲೆ ಅಮ್ಮ ಫೋನು ಕೈಗೆತ್ತಿಕೊಂಡಳು. ಕೊಡು ಅಮ್ಮ, ಚಾರ್ಜ್ ಇಲ್ಲ ಎಂದು ಸುಳ್ಳು ಹೇಳಿದೆ. ಅವಳು ಕೊಡಲಿಲ್ಲ. ಕನ್ನಡಕ ಹಾಕಿಕೊಂಡು, ಉಳಿದದ್ದನ್ನೆಲ್ಲ ಬೆರಳಿನಿಂದ ಮೇಲೆ ಸರಿಸಿ ಸರಿಸಿ ಓದಿದಳು. ನಾನು ಪಕ್ಕದಲ್ಲಿ ಗುಳಿಗೆಯ ಡಬ್ಬಿ ಹಿಡಿದು ಅವಳ ಎದೆಯ ಏರಿಳಿತವನ್ನೇ ನೋಡುತ್ತ ಕೂತೆ. ನಡೆದದ್ದನ್ನೆಲ್ಲ ಹೇಳಿದೆ. ಅವಳು ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಕನ್ನಡಕ ತೆಗೆದಿಟ್ಟು ಮಲಗಿದಳು. ಎರಡು ದಿನ ಅಗತ್ಯವಿದ್ದಷ್ಟೇ ಮಾತಾಡಿದಳು. ಆ ಎರಡು ದಿನವೂ ನಾನು ಗಳಿಗೆಗೊಮ್ಮೆ ಹೋಗಿ ಅವಳು ಉಸಿರಾಡುತ್ತಿದ್ದಾಳೆಯೇ ಎಂದು ನೋಡಿ ಬಂದೆ.

ಭಾನುವಾರ ಸಂಜೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಾಗ ತಾನಾಗಿ ಬಾಯಿಬಿಟ್ಟಳು.

“ನೀ ಹನ್ನೊಂದ ಸಲ ಹಚ್ಚೀದಿ. ನಾ ಎಲ್ಲಾ ಕೇಳಿಸ್ಕೊಂಡೀನಿ.”

ಮಡಿಯಲ್ಲಿದ್ದೆಯಲ್ಲ, ಹೋಗಲಿ ಬಿಡು ಎಂದೆ.

“ಮಡಿ ಅಂತ ಅಲ್ಲ” ಎಂದಳು. ಕೈ ನಿಂತಿತು. “ಒಂದ ಸಲ ಹೊಡದಾಗ ಮಡಿ ಅಂತ ಬಿಟ್ಟೆ. ಮೂರು, ನಾಕು ಆದ ಮ್ಯಾಲೆ ನಿನಗ ಏನೋ ಆಗೇತಿ ಅಂತ ಗೊತ್ತಾತು. ಮುಂಜಾನೆ ನೀನ ಹೇಳಿ ಹೋಗಿದ್ದ್ಯಲ್ಲ, ದಾರಿಯಾಗ ಸತ್ರ ಅಂತ. ಎತ್ತಿದ್ರ ಯಾರೋ ಪೊಲೀಸರು ಮಾತಾಡ್ತಾರ ಅಂತ ಅಂಜಿದೆ. ಎತ್ತೂ ತನಕಾ ನೀ ಇರತಿದ್ದಿ. ಅದಕ್ಕ ಹೋಳಿಗಿ ಮಾಡ್ಕೋತ ನಿಂತೆ. ಆಗೂದರಾಗ ಅವ ಹಾರ ತಗೊಂಡು ಬಂದ. ಅಳಾಕತ್ತಿದ್ದ. ಹಾರ ಯಾರಿಗೆ ಅಂತ ಕೇಳಾಕ ನನಗ ಧೈರ್ಯ ಆಗಲಿಲ್ಲ. ದೇವರಿಗೆ ಹಾಕಿಬಿಟ್ಟೆ.”

ಅವಳು ಆ ಹಾರವನ್ನು ನನ್ನದೆಂದು ತಿಳಿದಿದ್ದಳು. ಅಷ್ಟನ್ನು ತಿಳಿದುಕೊಂಡು, ಬೆನ್ನು ತಿರುಗಿಸಿ, ಒಂದೊಂದೇ ಹೋಳಿಗೆ ಬೇಯಿಸುತ್ತ ನಿಂತಿದ್ದಳು. ನಾನು ಹೊಸಿಲ ಮೇಲೆ ನಿಂತ ಆ ನಾಲ್ಕೈದು ಉಸಿರಿನ ಹೊತ್ತು ಅವಳ ಪಾಲಿಗೆ ಎಷ್ಟಾಗಿತ್ತೋ. ನಾನು ಅವಳ ಕೈ ಹಿಡಿದುಕೊಂಡೆ. ಎರಡೂ ಕೈ ತಣ್ಣಗಿದ್ದವು, ಅವಳದೂ ನನ್ನದೂ.

ಆ ವಾರವೇ ಅಮ್ಮ ಟ್ರಂಕಿನಿಂದ ಜರಿ ಹರಿದ ತನ್ನ ಹಳೆಯ ರೇಷ್ಮೆ ಸೀರೆಯೊಂದನ್ನು ತೆಗೆದು, ಸೆರಗು ಕತ್ತರಿಸಿ, ಫೋನಿನ ಅಳತೆಗೆ ಒಂದು ಚೀಲ ಹೊಲಿದಳು. ರೇಷ್ಮೆಗೆ ಮೈಲಿಗೆ ತಾಕುವುದಿಲ್ಲ ಎಂಬುದು ಅವಳ ಶಾಸ್ತ್ರ. ಮೇಲುಗಡೆ ಬೆರಳು ಹೋಗುವಷ್ಟು ಕಿಂಡಿ ಬಿಟ್ಟು, ಅದಕ್ಕೂ ತೆಳು ರೇಷ್ಮೆಯ ತುಂಡು ಹಚ್ಚಿದಳು. ಬಟ್ಟೆಯ ಮೇಲಿಂದ ಒತ್ತಿದರೆ ಪರದೆಗೆ ತಿಳಿಯುವುದಿಲ್ಲ, ಸುಮ್ಮನೆ ಶ್ರಮ ಎಂದು ನನ್ನ ಪಾಂಡಿತ್ಯ ತೋರಿಸಿದೆ. ಆ ರೇಷ್ಮೆ ಎಷ್ಟು ತೆಳುವಾಗಿತ್ತೆಂದರೆ ಮೂರು ಸಲ ಉಜ್ಜಿದರೆ ಒಮ್ಮೆ ತಿಳಿಯುತ್ತಿತ್ತು. ಅಮ್ಮನಿಗೆ ಅಷ್ಟು ಸಾಕಾಗಿತ್ತು. ಈಗ ಶುಕ್ರವಾರಗಳಲ್ಲಿ ಆ ಚೀಲ ಫ್ರಿಜ್ಜಿನ ಮೇಲಲ್ಲ, ಒಲೆಯ ಪಕ್ಕದ ಕಟ್ಟೆಯ ಮೇಲೆ ಇರುತ್ತದೆ.

ಆ ಫೋಟೋವನ್ನು ನನ್ನ ಫೋನಿನಿಂದ, ಲ್ಯಾಪ್‌ಟಾಪಿನಿಂದ, ಪೆನ್‌ಡ್ರೈವಿನಿಂದ ಅಳಿಸಿದೆ. ಮಾದರಿಯನ್ನೂ ಲ್ಯಾಪ್‌ಟಾಪಿನಿಂದ, ಲ್ಯಾಬಿನ ಯಂತ್ರಗಳಿಂದ ತೆಗೆದುಹಾಕಿದೆ. ಆದರೂ ಒಂದು ವರ್ಷದ ಮೇಲೆ ಒಂದು ಬೆಳಿಗ್ಗೆ ನನ್ನ ಫೋನು ತಾನಾಗಿ, ಕೇಳದೆ, ಹಿಂದಿನ ವರ್ಷದ ಇದೇ ದಿನ ಎಂದು ಹಿನ್ನೆಲೆಗೆ ಪಿಟೀಲು ಬಾರಿಸಿಕೊಂಡು ಅಮ್ಮನನ್ನು ಆ ಮೋಡದ ಮುಂದೆ ತಂದು ನಿಲ್ಲಿಸಿತು. ಎಲ್ಲೋ ಯಾವುದೋ ದೂರದ ಕಂಪ್ಯೂಟರುಗಳ ಗೋದಾಮಿನಲ್ಲಿ ಅದರ ಪ್ರತಿ ಉಳಿದಿತ್ತು. ಕೈಯಿಂದ ಫೋನು ಜಾರಿ ಬಿತ್ತು. ಅದನ್ನೂ ಅಳಿಸಿದೆ. ಉಳಿದ ನಲವತ್ತೆರಡು ಫೋನುಗಳಲ್ಲಿ ಎಷ್ಟರಲ್ಲಿ ಅದು ಇನ್ನೂ ಕೂತಿದೆಯೋ ಗೊತ್ತಿಲ್ಲ. ಸುದ್ದಿ ನಿಜವಾಗುವ ದಿನ ಯಾರೋ ಅದನ್ನು ಹುಡುಕಿ ತೆಗೆಯುತ್ತಾರೆ, ಆಗ ಅಮ್ಮನಿಗೆ ಅದೇ ಫೋಟೋ ಇರುತ್ತದೆ ಎಂಬುದು ನನಗೆ ಗೊತ್ತಿದೆ. ಆ ಯೋಚನೆ ಬಂದಾಗ ಎದ್ದು ಬೇರೆ ಕೆಲಸ ಹಿಡಿಯುತ್ತೇನೆ.

ಈಗ ಶುಕ್ರವಾರವಿರಲಿ ಬಿಡಲಿ, ದಿನಾ ಒಂದು ಗಂಟೆಗೆ ಕೇಂದ್ರದ ಅದೇ ಮೆಟ್ಟಿಲ ಮೇಲೆ ಕೂತು ಅಮ್ಮನಿಗೆ ಫೋನು ಹಚ್ಚುತ್ತೇನೆ. ಒಂದನೇ ರಿಂಗು, ಎರಡನೇ ರಿಂಗು. ನಾಲ್ಕನೆಯದಕ್ಕೆ ನನ್ನ ಬಾಯಿ ಒಣಗಿರುತ್ತದೆ. ಶುಕ್ರವಾರವಾದರೆ ಆ ಕಡೆ ಅವಳೂ ರೇಷ್ಮೆಯ ಮೇಲೆ ಬೆರಳಿಟ್ಟುಕೊಂಡು, ಒತ್ತಲೋ ಬೇಡವೋ ಎಂದು ಒಂದು ಗಳಿಗೆ ನಿಲ್ಲುತ್ತಾಳಂತೆ, ಅವಳೇ ಹೇಳಿದ್ದಾಳೆ. ಆಮೇಲೆ ಉಜ್ಜುತ್ತಾಳೆ. ಬಟ್ಟೆಯ ಸರಸರ ಕೇಳಿಸುತ್ತದೆ, ಅದರ ಹಿಂದೆ ಅವಳ ದನಿ. ಊಟ ಆಯಿತೇ, ಗುಳಿಗೆ ತಗೊಂಡೆಯಾ ಎಂದು ನಾವು ಕೇಳುವುದಿಲ್ಲ.

“ಅದೀನಿ” ಎನ್ನುತ್ತಾಳೆ. “ನೀ?” ಎಂದು ಕೇಳುತ್ತಾಳೆ.

“ನಾನೂ ಅದೀನಿ” ಎಂದು ಹೇಳಿ ಫೋನು ಇಡುತ್ತೇನೆ.